ದಿಂಬಂ ಕಾಡಿನಲ್ಲಿ ಚಳಿಗಾಲದ ರೈಡ್: ತಂಡ ಕರೆತರುವವರಿಗೆ ತಾಳವಾಡಿ ಮೆಕ್ಯಾನಿಕ್ಕಿನ ಮಾತು

ತಾಳವಾಡಿಯಲ್ಲಿ ನನ್ನದೊಂದು ಟೂವೀಲರ್ ಗ್ಯಾರೇಜು. ಜಿಲ್ಲೆ ತಮಿಳುನಾಡಿನ ಈರೋಡು, ಮನೆಮಾತು ಕನ್ನಡ, ದೊಡ್ಡ ಸಾಮಾನು ಬೇಕೆಂದರೆ ಚಾಮರಾಜನಗರ. ದೀಪಾವಳಿ ಮುಗಿದು ಗುಮಟಾಪುರದಲ್ಲಿ ಗೊರೆಹಬ್ಬದ ಸಗಣಿ ಆಟವೂ ಕಳೆದ ಮೇಲೆ ನಮ್ಮ ಕಡೆ ಮಂಜು ಇಳಿಯುತ್ತದೆ. ಮಂಜಿನ ಹಿಂದೆಯೇ ಬೆಂಗಳೂರು, ಮೈಸೂರು, ಕೊಯಮತ್ತೂರಿನ ಬೈಕ್ ತಂಡಗಳು ಇಳಿಯುತ್ತವೆ. ಕ್ಲಚ್ ಕೇಬಲ್ಲು, ಪಂಚರು, ಚೈನು ಅಂತ ಅವರಿಂದ ನನಗೂ ನಾಲ್ಕು ಕಾಸು ಸಿಗುತ್ತದೆ. ಹಾಗಾಗಿ ಬರಲೇಬೇಡಿ ಎನ್ನುವ ಜನ ನಾನಲ್ಲ. ಬರುವುದಾದರೆ ಹೇಗೆ ಬರಬೇಕು ಅನ್ನುವುದಷ್ಟೇ ಇಲ್ಲಿರುವುದು, ಅದೂ ಮುಖ್ಯವಾಗಿ ತಂಡದ ಲೀಡರ್‌ಗಳಿಗೆ.

ನೀವು ಹಾದುಹೋಗುವುದು ಸುಮ್ಮನೆ ಒಂದು ಘಾಟಿ ರಸ್ತೆಯಲ್ಲ. ಪುಣಜನೂರು ದಾಟುವ ತನಕ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ಕಾರಪಳ್ಳಂ ಚೆಕ್‌ಪೋಸ್ಟಿನಿಂದ ಈಚೆಗೆ ಹಾಸನೂರು, ದಿಂಬಂ, 27 ಹೇರ್‌ಪಿನ್ ತಿರುವು ಇಳಿದು ಬಣ್ಣಾರಿ ಅಮ್ಮನ ಗುಡಿಯವರೆಗೂ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. 2013ರಲ್ಲಿ ಘೋಷಣೆಯಾದ ಈ ಕಾಡಿನ ಹರವು 1,400 ಚದರ ಕಿಲೋಮೀಟರಿಗೂ ಹೆಚ್ಚು. ಒಂದು ಮಗ್ಗುಲಿಗೆ ಬಂಡೀಪುರ, ಇನ್ನೊಂದು ಕಡೆ ಮೋಯಾರ್ ಕಣಿವೆ ದಾಟಿದರೆ ಮುದುಮಲೆ. ಆನೆಗಳಿಗೆ ಇದೆಲ್ಲ ಒಂದೇ ಮನೆ. ಅದರ ನಡುಮನೆಯಲ್ಲಿ ರಾಷ್ಟ್ರೀಯ ಹೆದ್ದಾರಿ 948 ಹೋಗುತ್ತದೆ.

ಗಾಡಿ ಎಣಿಸಬೇಡಿ, ಸಲ ಎಣಿಸಿ

ಲೀಡರ್‌ಗಳು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಅಣ್ಣ, ಎಷ್ಟು ಬೈಕ್ ತರಬಹುದು?" ಪ್ರಶ್ನೆಯೇ ಸರಿಯಿಲ್ಲ. ಕಾಡಿಗೆ ಮುಖ್ಯ ಎಷ್ಟು ಬೈಕ್ ಬಂತು ಅನ್ನುವುದಲ್ಲ, ಎಷ್ಟು ಸಲ ಸದ್ದಾಯಿತು ಅನ್ನುವುದು.

ಈ ಲೆಕ್ಕ ನನ್ನ ಸ್ವಂತದ್ದಲ್ಲ. ಆರ್‌ಎಕ್ಸ್ 100 ರಿಪೇರಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಅಮೆರಿಕದಲ್ಲಿ ಇದ್ದು ಬಂದವರು. ಅಲ್ಲಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಕತೆ ಹೇಳಿದರು, ಆಮೇಲೆ ನಾನೂ ಹುಡುಕಿ ಓದಿದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಆಳೆತ್ತರ ಹಿಮ. ಅದರ ಮೇಲೆ ಓಡುವ ಬೈಕಿನಂಥ ಗಾಡಿ ಸ್ನೋಮೊಬೈಲ್, ಮುಂದೆ ಎರಡು ಹಲಗೆ, ಹಿಂದೆ ಟ್ಯಾಂಕಿನಂತೆ ಬೆಲ್ಟು. 1963ರಲ್ಲಿ ಮೊದಲು ಬಂದವು. 2000ದ ಹೊತ್ತಿಗೆ ಒಂದೇ ದಿನ ಸಾವಿರ ದಾಟುತ್ತಿದ್ದ ದಿನಗಳೂ ಇದ್ದವು. ಹೆಚ್ಚುಕಡಿಮೆ ಎಲ್ಲ ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿನ ಜೊತೆ ಆಯಿಲ್ಲನ್ನೂ ಸುಡುವ ಹಳೇ ಬಗೆಯ ಇಂಜಿನ್. ಗೇಟಿನಲ್ಲಿ ಟಿಕೆಟ್ ಕೊಡುವ ಸಿಬ್ಬಂದಿಗೆ ಹೊಗೆಯಿಂದ ತಲೆನೋವು ಬಂದು, ಕೊನೆಗೆ ಗೂಡಿನೊಳಗೆ ಪೈಪಿನಲ್ಲಿ ಹೊಸ ಗಾಳಿ ಬಿಡಬೇಕಾಯಿತು, ಮುಖಕ್ಕೆ ಮಾಸ್ಕ್ ಕೊಡಬೇಕಾಯಿತು. ಒಂದು ಸರ್ಕಾರ ನಿಲ್ಲಿಸುತ್ತೇವೆ ಎಂದಿತು, ಮುಂದಿನದು ಬಿಡುತ್ತೇವೆ ಎಂದಿತು, ಎರಡೂ ಕಡೆಯವರು ಕೋರ್ಟಿಗೆ ಹೋದರು. ಹತ್ತು ವರ್ಷಕ್ಕೂ ಮೇಲೆ ಹಗ್ಗಜಗ್ಗಾಟ. ಒಮ್ಮೆ ದಿನಕ್ಕೆ 720 ಗಾಡಿ ಅಂತ ಮಿತಿ ಹಾಕಿದರು, ಆಮೇಲೆ ಅದನ್ನು 318ಕ್ಕೆ ಇಳಿಸಿದರು.

2013ರ ನಿಯಮದಲ್ಲಿ ಲೆಕ್ಕದ ದಾರಿಯನ್ನೇ ಬದಲಿಸಿದರು. ಒಂದು ತಂಡ ಒಟ್ಟಿಗೆ ಹೋದರೆ ಅದು ಒಂದು ಸಂಚಾರ. ತಂಡದಲ್ಲಿ ಹೆಚ್ಚೆಂದರೆ 10 ಸ್ನೋಮೊಬೈಲ್, ಸೀಸನ್ನಿನ ಸರಾಸರಿ 7 ದಾಟುವಂತಿಲ್ಲ. ಹಿಮದ ಬಸ್ಸು ಒಂದು ಹೋದರೂ ಅದು ಒಂದು ಸಂಚಾರ. ಇಡೀ ಉದ್ಯಾನಕ್ಕೆ ದಿನಕ್ಕೆ ಇಂಥ 110 ಸಂಚಾರ, ಅದರಲ್ಲಿ ಸ್ನೋಮೊಬೈಲಿನ ಪಾಲು ಅರ್ಧಕ್ಕೂ ಕಡಿಮೆ. ಜೊತೆಗೆ ಗೈಡ್ ಇರಬೇಕು, ಹೊಗೆಗೂ ಸದ್ದಿಗೂ ಕಟ್ಟುನಿಟ್ಟಿನ ಮಿತಿ.

ನಮ್ಮ ರಸ್ತೆಗೆ ಇದನ್ನೇ ಹಾಕಿ ನೋಡಿ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 8 ಮೀಟರ್. ಒಂದೊಂದು ಬೈಕಿಗೆ ಮೂರು ಸೆಕೆಂಡ್ ಅಂತರ ಬಿಟ್ಟರೆ ಏಳು ಬೈಕಿನ ಸಾಲು 150 ಮೀಟರ್ ಆಗುತ್ತದೆ. ರಸ್ತೆ ಪಕ್ಕ ನಿಂತ ಕಡವೆಗೆ ನಿಮ್ಮ ಗಲಾಟೆ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು. ಅದೇ ಏಳು ಜನ ಟೀ ಕುಡಿಯುತ್ತಾ, ಸಿಗರೇಟು ಸೇದುತ್ತಾ ಐದೈದು ನಿಮಿಷಕ್ಕೊಬ್ಬರಂತೆ ಹೊರಟರೆ ಅದಕ್ಕೆ ಅರ್ಧ ಗಂಟೆ ತಲೆ ಬಗ್ಗಿಸಿ ಮೇಯಲು ಆಗುವುದಿಲ್ಲ. ಪೆಟ್ರೋಲು ಅಷ್ಟೇ, ಜನ ಅಷ್ಟೇ, ತೊಂದರೆ ಮಾತ್ರ ಬೇರೆ.

ಆದ್ದರಿಂದ ಒಂದು ತಂಡಕ್ಕೆ ಏಳು ಬೈಕು ಇರಲಿ. ಯೆಲ್ಲೋಸ್ಟೋನಿನಲ್ಲಿ ಹತ್ತಕ್ಕೆ ಬಿಡುತ್ತಾರಲ್ಲ ಅಂತ ವಾದಿಸಬೇಡಿ, ಅಲ್ಲಿ ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಸರ್ಕಾರಿ ಬಸ್ಸು ಇಡೀ ರಸ್ತೆ ತುಂಬಿಕೊಂಡು ಬರುವುದಿಲ್ಲ. ಹದಿನಾಲ್ಕು ಜನ ಇದ್ದರೆ ಎರಡು ತಂಡ ಮಾಡಿ, ನಡುವೆ ಅರ್ಧ ಗಂಟೆ ಬಿಡಿ. ಮುಂದಿನವನಿಗೂ ಹಿಂದಿನವನಿಗೂ ಈ ರಸ್ತೆ ಗೊತ್ತಿರಬೇಕು. ಹೊಸಬರನ್ನು ಲೀಡರ್ ಬೆನ್ನಿಗೇ ಹಾಕಿ, ಬಾಲದಲ್ಲಿ ಬಿಡಬೇಡಿ. ಹಿಂದೆ ಬಿದ್ದವನು ಹೆದರಿ ಗ್ಯಾಪ್ ಮುಚ್ಚಲು ಗಿರ್ರೆಂದು ಆಕ್ಸಿಲರೇಟರ್ ತಿರುಗಿಸುತ್ತಾನೆ, ಸದ್ದು ಹುಟ್ಟುವುದೇ ಅಲ್ಲಿ.

ಸೈಲೆನ್ಸರ್ ವಿಷಯ

ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ನನ್ನ ಕಸುಬು ಇದೇ ನೋಡಿ.

ಆಫ್ಟರ್‌ಮಾರ್ಕೆಟ್ ಸೈಲೆನ್ಸರಿನ, ಅಂದರೆ ಕಂಪನಿಯದು ಬಿಚ್ಚಿ ಹೊರಗಿನಿಂದ ಕೊಂಡು ಹಾಕಿಸಿದ್ದರ, ಬಾಯಲ್ಲಿ ಗೇಣಿಗಿಂತ ಚಿಕ್ಕದೊಂದು ತೂತು ತೂತಿನ ಕೊಳವೆ ಇರುತ್ತದೆ, ಒಂದೇ ಒಂದು ಅಲೆನ್ ಬೋಲ್ಟಿನಲ್ಲಿ ಹಿಡಿದಿರುತ್ತದೆ. ಡಿಬಿ ಕಿಲ್ಲರ್ ಅನ್ನುತ್ತಾರೆ. ಹುಡುಗರು ಮಾಡುವ ಮೊದಲ ಕೆಲಸ ಅದನ್ನು ಬಿಚ್ಚಿ ಬ್ಯಾಗಿಗೆ ಹಾಕುವುದು. ಹೋದ ವರ್ಷ ಒಬ್ಬ ಹುಡುಗ, "ಅಣ್ಣ, ಚೂರು ಬೇಸ್ ಬರ್ಬೇಕು, ಅದ್ನ ತೆಗ್ದುಬುಡಿ" ಅಂದ. "ಬೇಸ್ ಬೇಕಾದ್ರೆ ನಿಮ್ಮೂರ ಫ್ಲೈಓವರ್ ಕೆಳ್ಗೆ ಮಾಡ್ಕೊಳಿ ಸಾ, ಈ ಕಾಡಲ್ ಬ್ಯಾಡ" ಅಂದೆ. ಮುಖ ಸಣ್ಣದು ಮಾಡಿಕೊಂಡ, ಆದರೆ ಹಾಕಿಸಿಕೊಂಡೇ ಹೋದ.

ಕಂಪನಿಯಿಂದ ಬರುವಾಗ 175 ಸಿಸಿ ದಾಟಿದ ಬೈಕಿಗೆ 80 ಡೆಸಿಬೆಲ್ ಮಿತಿ. ಡೆಸಿಬೆಲ್ ಮೀಟರು ಪೆಟ್ರೋಲ್ ಮೀಟರಿನಂತೆ ಸಲೀಸಾಗಿ ಏರುವುದಿಲ್ಲ. 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಎರಡು ಪಟ್ಟು ಜೋರು. ಅಂದರೆ ತಂಡದಲ್ಲಿ ಒಬ್ಬನೇ ಒಬ್ಬ ಕೊಳವೆ ಬಿಚ್ಚಿದ್ದರೂ ಮಿಕ್ಕ ಆರು ಜನರ ಮರ್ಯಾದೆ ಹೋದಂತೆ. ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯ ನಂತರ ಇದಕ್ಕೆ ದಂಡ 10,000 ರೂಪಾಯಿಯವರೆಗೆ.

ಊರಿನಲ್ಲೇ, ಹೊರಡುವ ಹಿಂದಿನ ದಿನ ಹೀಗೆ ನೋಡಿ. ಬೈಕನ್ನು ಐಡಲಿಂಗಿನಲ್ಲಿ ಬಿಟ್ಟು ಹ್ಯಾಂಡಲ್ಲಿನ ಎರಡೂ ಬದಿಗೆ ಇಬ್ಬರು ನಿಂತು ಮಾಮೂಲಿ ದನಿಯಲ್ಲಿ ಮಾತಾಡಿ. ಕೂಗಬೇಕಾಗಿ ಬಂದರೆ ಆ ಬೈಕು ಕಾಡಿಗೆ ಬೇಡ. ಕೊಳವೆ ಇದ್ದೂ ಜೋರಿದ್ದರೆ ಒಳಗೆ ಸದ್ದು ಹೀರುವ ಗ್ಲಾಸ್‌ವುಲ್ ಸುಟ್ಟುಹೋಗಿರುತ್ತದೆ, ಹೊಸದು ಸುತ್ತಿಸಿ.

ಇನ್ನೊಂದು, ಯಾರೂ ಗಮನಿಸದ್ದು. ದಿಂಬಂ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಕೆಲವು ಬೈಕು ಪಟ್, ಪಟ್ ಎನ್ನುತ್ತವೆ. ಬೆಂಡ್ ಪೈಪು ಇಂಜಿನ್ನಿಗೆ ಸೇರುವ ಕಡೆ ಗ್ಯಾಸ್ಕೆಟ್ ಹೋಗಿ ಹೊರಗಿನ ಗಾಳಿ ಎಳೆಯುತ್ತಿರುತ್ತದೆ, ಒಳಗೆ ಉಳಿದ ಪೆಟ್ರೋಲು ಪೈಪಿನಲ್ಲೇ ಸಿಡಿಯುತ್ತದೆ. ಪೈಪಿನ ಕುತ್ತಿಗೆ ಸುತ್ತ ಕಪ್ಪು ಮಸಿ ಕಂಡರೆ ಅದೇ. ಗ್ಯಾಸ್ಕೆಟ್ ಬೆಲೆ ಒಂದು ಊಟದ ದುಡ್ಡು. ಇದನ್ನು ಯಾಕೆ ಇಷ್ಟು ಹೇಳುತ್ತೇನೆ ಎಂದರೆ, ನಮ್ಮ ರೈತರು ಜೋಳಕ್ಕೆ, ಕಬ್ಬಿಗೆ ಬಂದ ಆನೆಯನ್ನು ರಾತ್ರಿಯೆಲ್ಲ ಪಟಾಕಿ ಹಚ್ಚಿ ಓಡಿಸುತ್ತಾರೆ. ರಾತ್ರಿ ಪಟಾಕಿ ತಿಂದ ಆನೆಗೆ ಬೆಳಿಗ್ಗೆ ರಸ್ತೆಯಲ್ಲಿ ಅದೇ ಸದ್ದು ಕೇಳಿದರೆ ಅದು ಬೈಕು ಅಂತ ವಿಚಾರಿಸುತ್ತಾ ನಿಲ್ಲುವುದಿಲ್ಲ.

ಇನ್ನು ಟೂ ಸ್ಟ್ರೋಕ್. ಆರ್‌ಎಕ್ಸ್ ಬಿಚ್ಚಿಯೇ ನಾನು ಕೆಲಸ ಕಲಿತದ್ದು, ಆ ಗಾಡಿ ಕಂಡರೆ ಪ್ರೀತಿ. ಆದರೂ ಆರ್‌ಎಕ್ಸ್, ಹಳೇ ಯೆಜ್ಡಿ ಕ್ಲಬ್ಬಿನವರು ಸಾಲುಗಟ್ಟಿ ಘಾಟಿ ಹತ್ತುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿ ಸುಟ್ಟ ಹೊಗೆಯನ್ನು ಹೊರಗೆ ತಳ್ಳುವುದೇ ಹೊಸ ಪೆಟ್ರೋಲಿನ ಮಿಶ್ರಣ. ತಳ್ಳುವ ಭರದಲ್ಲಿ ನಾಲ್ಕನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸುಡದೆಯೇ ಆಯಿಲ್ ಸಮೇತ ಆಚೆ ಹೋಗುತ್ತದೆ. ಯೆಲ್ಲೋಸ್ಟೋನಿನವರು ಕಡೆಗೆ ಫೋರ್ ಸ್ಟ್ರೋಕ್ ದಾರಿ ಹಿಡಿದದ್ದು ಇದಕ್ಕೇ. ನೀವು ಆ ಗಾಡಿಯನ್ನು ಚಾಮರಾಜನಗರದ ತನಕ ಓಡಿಸಿ, ಗಾಜನೂರಿಗೆ ಹೋಗಿ ಅಣ್ಣಾವ್ರ ಹಳೇ ಮನೆ ನೋಡಿ, ಫೋಟೋ ಹೊಡೆಸಿಕೊಳ್ಳಿ. ಘಾಟಿಗೆ ಬೇರೆ ಬೈಕ್ ತನ್ನಿ. ಚಾರ್ಜಿಂಗ್ ಬೈಕ್ ಒಳ್ಳೆಯದಲ್ಲವೇ ಅಂತ ಕೇಳುತ್ತಾರೆ. ಹೊಗೆ ಇಲ್ಲ, ಒಪ್ಪಿದೆ. ಆದರೆ ತಿರುವಿನಲ್ಲಿ ಆನೆಗೆ ನೀವು ಬರುವುದೇ ತಿಳಿಯದೆ ಹತ್ತಿರ ಹೋಗಿ ಬೆಚ್ಚಿಬೀಳಿಸಿದರೆ ಕಷ್ಟ ನಿಮಗೇ. ಇನ್ನೂ ನಿಧಾನವಾಗಿ ಹೋಗಿ.

ಚಳಿಗೂ ಸದ್ದಿಗೂ ಏನು ಸಂಬಂಧ

ಚಳಿಗಾಲದ ಬೆಳಿಗ್ಗೆ ತಣ್ಣನೆ ಗಾಳಿ ನೆಲಕ್ಕಂಟಿ ಕೂತಿರುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿಯ ಪದರ. ಹೊಗೆ ಮೇಲೇಳದೆ ಕಣಿವೆಯಲ್ಲೇ ತಂಗುತ್ತದೆ. ಸದ್ದೂ ಮೇಲೆ ಹೋಗದೆ ಬಾಗಿ ನೆಲದ ಉದ್ದಕ್ಕೇ ಓಡುತ್ತದೆ, ಮಧ್ಯಾಹ್ನಕ್ಕಿಂತ ಎಷ್ಟೋ ದೂರ ಕೇಳಿಸುತ್ತದೆ. ತಂಪಿನಲ್ಲಿ ಸ್ಟಾರ್ಟ್ ಮಾಡಿದ ಇಂಜಿನ್ನು ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಸೈಲೆನ್ಸರಿನೊಳಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗುವ ತನಕ ಕೆಲಸವನ್ನೇ ಮಾಡುವುದಿಲ್ಲ. ಆದ್ದರಿಂದ ಚೆಕ್‌ಪೋಸ್ಟಿನ ಮುಂದೆ ಸಾಲಾಗಿ ನಿಂತು ಇಂಜಿನ್ ಗುರುಗುಟ್ಟಿಸಬೇಡಿ. ಆಫ್ ಮಾಡಿ, ಗೇಟು ತೆಗೆದ ಮೇಲೆ ಸ್ಟಾರ್ಟ್ ಮಾಡಿ. ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕಿಗೆ ಅರ್ಧ ನಿಮಿಷದ ಐಡಲಿಂಗ್ ಬೇಕಾದಷ್ಟಾಯಿತು, ಮಿಕ್ಕ ಬಿಸಿಯನ್ನು ನಿಧಾನವಾಗಿ ಓಡಿಸುತ್ತಲೇ ಬರಿಸಿ.

ಹೊತ್ತಿನ ವಿಷಯಕ್ಕೆ ಬಂದರೆ, ಎಲ್ಲರಿಗೂ ಬೇಕಿರುವುದು ಬೆಳಿಗ್ಗೆ ಆರರ ಮಂಜು. ಪ್ರಾಣಿಗಳಿಗೆ ರಸ್ತೆ ದಾಟಬೇಕಿರುವುದೂ ಆಗಲೇ. ಹಿಮದ ದೇಶದಲ್ಲಿ ಚಳಿಗಾಲ ಎಂದರೆ ಮೇವಿಲ್ಲದ ಕಾಲ, ಅಲ್ಲಿನ ಬೈಸನ್ ಎಂಬ ಕಾಡೆಮ್ಮೆ ಬೆದರಿ ಓಡಿದಷ್ಟೂ ಮೈಯ ಕೊಬ್ಬು ಕರಗುತ್ತದೆ. ನಮ್ಮಲ್ಲಿ ಹಾಗಲ್ಲ, ಆದರೆ ಪುಷ್ಯ ಮಾಸಕ್ಕೆ ಹುಲ್ಲು ಒಣಗಿ ಹಳ್ಳಕೊಳ್ಳ ಇಂಗುತ್ತಾ ಬರುತ್ತದೆ, ನೀರಿಗಾಗಿ ಓಡಾಟ ಹೆಚ್ಚುತ್ತದೆ. ಹಾಗಾಗಿ ಕಾಡಿನ ಭಾಗವನ್ನು ಬೆಳಿಗ್ಗೆ ಒಂಬತ್ತರ ಮೇಲೆ ಹೊಕ್ಕು ಸಂಜೆ ನಾಲ್ಕರೊಳಗೆ ಮುಗಿಸಿ. ಮಂಜಿಗೆ ಕಾಡೇ ಬೇಕೆಂದಿಲ್ಲ. ತಾಳವಾಡಿಯ ಎಲೆಕೋಸಿನ ಹೊಲದ ಬದುವಿನಲ್ಲಿ ನಿಂತರೂ ಬೇಕಾದಷ್ಟು ಸಿಗುತ್ತದೆ, ಹೊಲದವರನ್ನು ಒಂದು ಮಾತು ಕೇಳಿದರೆ ಸಾಕು.

ರಾತ್ರಿಯ ಕಟ್ಟಳೆಯಂತೂ ಕಾನೂನೇ. 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ದಿಂಬಂ ಘಾಟಿಯ ರಾತ್ರಿ ನಿರ್ಬಂಧ ಜಾರಿಗೆ ಬಂತು. ಸರಕು ಗಾಡಿಗಳಿಗೆ ಸಂಜೆ 6ರಿಂದ, ಮಿಕ್ಕವಕ್ಕೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ. ಬಂಡೀಪುರದಲ್ಲಿ 2009ರಿಂದಲೇ ರಾತ್ರಿ ಸಂಚಾರ ಬಂದ್. ನಮ್ಮೂರಿನವರು ಇದಕ್ಕೆ ಹರತಾಳ ಮಾಡಿದ್ದೂ ಉಂಟು, ತರಕಾರಿ ಲಾರಿ ರಾತ್ರಿ ಹೋಗದಿದ್ದರೆ ಬೆಳಗಿನ ಮಾರುಕಟ್ಟೆ ತಪ್ಪುತ್ತದಲ್ಲ. ಟೊಮೇಟೊ ಕೊಳೆಯಲು ಬಿಟ್ಟು ಜನ ಒಪ್ಪಿಕೊಂಡ ನಿಯಮವನ್ನು ಮೋಜಿಗೆ ಬಂದವರು "ಒಂದು ಹತ್ತು ನಿಮಿಷ ಸಾರ್" ಅಂತ ಚೆಕ್‌ಪೋಸ್ಟಿನಲ್ಲಿ ಗೋಗರೆದು ಮುರಿಯಲು ನೋಡಿದರೆ ನನಗೆ ಮೈ ಉರಿಯುತ್ತದೆ.

ನಿಲ್ಲಬಾರದ ಕಡೆ ನಿಲ್ಲಬೇಡಿ

ಟೀ, ಟಾಯ್ಲೆಟ್, ಫೋಟೋ ಎಲ್ಲ ಹಾಸನೂರಿನಲ್ಲಿ ಮುಗಿಸಿ. ಪೆಟ್ರೋಲನ್ನು ಚಾಮರಾಜನಗರದಲ್ಲೇ ತುಂಬಿಸಿ. ನಡುವೆ ಕಾಡಿನಲ್ಲಿ ಇಳಿಯುವಂತಿಲ್ಲ. ಯೆಲ್ಲೋಸ್ಟೋನಿನಲ್ಲಿ ವರ್ಷಗಟ್ಟಲೆ ಕೂತು ಗಮನಿಸಿದವರು ಬರೆದಿಟ್ಟಿದ್ದಾರೆ. ಗಾಡಿ ತನ್ನ ಪಾಡಿಗೆ ಹೋದರೆ ಕಾಡೆಮ್ಮೆಗಳು ಹೆಚ್ಚಿನ ಸಲ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದವು, ಜನ ಇಳಿದು ನಡೆದರೆ ಹೆಚ್ಚು ಬೆದರುತ್ತಿದ್ದವು. ಇಲ್ಲೂ ಅದೇ.

ಕಾರಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಕಬ್ಬಿನ ಲಾರಿಗೆ ಕಾಯುವ ಆನೆಗಳನ್ನು ನೀವು ವಿಡಿಯೋದಲ್ಲಿ ನೋಡಿರುತ್ತೀರಿ. ತಾಳವಾಡಿ ಕಡೆಯಿಂದ ಸಕ್ಕರೆ ಕಾರ್ಖಾನೆಗೆ ಲೋಡು ಹೋಗುತ್ತದೆ. ಎತ್ತರ ಹೆಚ್ಚಿದ್ದರೆ ಅಲ್ಲಿ ತಡೆಕಂಬಕ್ಕೆ ತಾಗುತ್ತದೆ, ಡ್ರೈವರ್ ಮೇಲಿನ ನಾಲ್ಕು ಜಲ್ಲೆ ಕಿತ್ತು ಬದಿಗೆ ಎಸೆಯುತ್ತಾನೆ. ಅದರ ರುಚಿ ಹತ್ತಿದ ಆನೆ ಈಗ ನೇರ ಲಾರಿ ಪಕ್ಕಕ್ಕೇ ಬರುತ್ತದೆ, ಸೊಂಡಿಲು ಚಾಚಿ ಹಗ್ಗದ ಸಂದಿಯಿಂದ ಒಂದು ಕಟ್ಟು ಎಳೆದು, ಕಾಲಲ್ಲಿ ತುಳಿದು ಸೀಳಿ, ಮರಿಗೆ ಎಲೆ ಭಾಗ ಬಿಟ್ಟು ತಾನು ಬುಡ ತಿನ್ನುತ್ತದೆ. ನೋಡಲು ಚೆಂದವೇ. ಆದರೆ ಆ ಆನೆ ಆ ಹೊತ್ತಿನಲ್ಲಿ ಸಾಧುವಲ್ಲ, ತಿನ್ನುವುದರಲ್ಲಿ ಮೈಮರೆತಿದೆ ಅಷ್ಟೇ. ಹಿಂದಿನಿಂದ ಏಳು ಬೈಕು ಬಂದು ಲಾರಿಯನ್ನು ಓವರ್‌ಟೇಕ್ ಮಾಡಲು ನುಸುಳಿದರೆ ಎರಡು ಗೋಡೆ ನಡುವೆ ಸಿಕ್ಕಿಕೊಂಡಂತೆ.

ಆನೆ ಕಂಡರೆ ಲೀಡರ್ ಎಡಗೈ ಎತ್ತಬೇಕು, ಎಲ್ಲರೂ ಐವತ್ತು ಮೀಟರಿಗೂ ಹಿಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಬೈಕಿನಿಂದ ಇಳಿಯಬಾರದು. ಹಾರನ್ ಬೇಡ, ಹೈಬೀಮ್ ಬೇಡ, ಆಕ್ಸಿಲರೇಟರ್ ತಿರುಗಿಸಿ ಹೆದರಿಸಲು ಹೋಗಬೇಡಿ. ಮುಂದೆ ಬಸ್ಸೋ ಲಾರಿಯೋ ಇದ್ದರೆ ಅದರ ಡ್ರೈವರ್ ಹೊರಟ ಮೇಲೆಯೇ ಹೊರಡಿ, ಅವನಿಗೆ ಆ ಆನೆಯ ಗುಣ ಗೊತ್ತಿರುತ್ತದೆ. ತಿರುಗಿಸಲು ಜಾಗ ಇರುವಂತೆ ಬೈಕುಗಳ ನಡುವೆ ಅಂತರ ಬಿಟ್ಟಿರಿ.

ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯುವವರಿಗೆ ಒಂದೇ ಮಾತು. ತಿರುವಿನಲ್ಲಿ ಕೋತಿ ಲಾರಿಗೆ ಸಿಕ್ಕಿ ಸಾಯುವುದು ನಿಮ್ಮ ಬಿಸ್ಕತ್ತಿಗೆ ಕಾದು ಕೂತದ್ದರಿಂದ.

ದಾರಿ ಬಿಟ್ಟು ಇಳಿಯುವ ಚಟ

ಆಫ್‌ರೋಡ್ ಟೈರ್ ಹಾಕಿಸಿಕೊಂಡು ಬಂದವರಿಗೆ ಕಾಡಿನೊಳಗೆ ಹೋಗುವ ಮಣ್ಣುದಾರಿ ಕಂಡರೆ ಕೈ ತುರಿಸುತ್ತದೆ. ಜನವರಿಯ ಹೊತ್ತಿಗೆ ಇಲಾಖೆಯವರು ಬೆಂಕಿರೇಖೆ ಬಿಡಿಸಿರುತ್ತಾರೆ, ಹುಲ್ಲು ಸವರಿ ನುಣ್ಣಗೆ ಮಾಡಿದ ಪಟ್ಟಿ. ಅದು ರಸ್ತೆಯಲ್ಲ. ಅನುಮತಿ ಇಲ್ಲದೆ ಹೊಕ್ಕರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಆಗುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಮೆಕ್ಯಾನಿಕ್ಕಾಗಿ ಹೇಳುವುದಾದರೆ ಇನ್ನೊಂದು ಭಯವಿದೆ. ಘಾಟಿ ಹತ್ತಿ ಬಂದ ಬೈಕಿನ ಬೆಂಡ್ ಪೈಪು, ಕನ್ವರ್ಟರ್ ಡಬ್ಬಿ ಎಷ್ಟು ಕಾದಿರುತ್ತದೆ ಎಂದರೆ ಒಣಹುಲ್ಲಿನ ಮೇಲೆ ಸೈಡ್‌ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಹುಲ್ಲು ಹೊತ್ತಿಕೊಳ್ಳಬಹುದು. ರಸ್ತೆ ಬದಿಯ ಹುಲ್ಲಿಗೂ ಇದೇ ಮಾತು, ನಿಲ್ಲಿಸುವುದಾದರೆ ಟಾರು ಅಥವಾ ಬರಿ ಮಣ್ಣಿನ ಮೇಲೆ.

ಟೈರ್ ಗುಂಡಿಯಲ್ಲಿ ಅಂಟಿದ ಮಣ್ಣಿನ ಜೊತೆ ಬೀಜ ಬರುತ್ತದೆ. ಈ ಕಾಡನ್ನು ಈಗಾಗಲೇ ಲಂಟಾನ ಮುತ್ತಿದೆ, ಮೋಯಾರ್ ಕಣಿವೆಯಲ್ಲಿ ಬಳ್ಳಾರಿ ಜಾಲಿ. ಹೊರಡುವ ಮುಂಚೆ ಟೈರು, ಮಡ್‌ಗಾರ್ಡ್ ತೊಳೆದು ತನ್ನಿ.

ತಲಮಲೆ ಕಡೆಯ ದಾರಿ ಊರವರ ದಾರಿ, ಗೂಗಲ್ ಮ್ಯಾಪ್ ತೋರಿಸಿತು ಅಂತ ತಂಡ ಕಟ್ಟಿಕೊಂಡು ಅಲ್ಲಿಗೆ ನುಗ್ಗಬೇಡಿ. ಮಣ್ಣಿನಲ್ಲಿ ಓಡಿಸಲೇಬೇಕೆಂಬ ಆಸೆಯಿದ್ದರೆ ಕಾಡಂಚಿನಿಂದ ದೂರದ ಪಟ್ಟಾ ಜಮೀನಿನವರನ್ನು ಕೇಳಿ, ಬಾಡಿಗೆ ಕೊಟ್ಟು, ಬಿಸಿಲಿರುವಾಗಲೇ ಮುಗಿಸಿ.

ಯಾವ ವಾರ ಬರಬೇಕು

ಡಿಸೆಂಬರ್ 20ರಿಂದ ಹೊಸ ವರ್ಷದ ತನಕ ಬರಬೇಡಿ. ಆಗ ಕಾರು, ವ್ಯಾನು, ಬಸ್ಸು ಎಲ್ಲ ಸೇರಿ ಸದ್ದಿಗೆ ಬಿಡುವೇ ಇರುವುದಿಲ್ಲ, ನೀವು ಎಷ್ಟು ಶಿಸ್ತಾಗಿ ಬಂದರೂ ಆ ಗದ್ದಲಕ್ಕೆ ಒಂದು ಹಿಡಿ ಸೇರಿಸಿದಂತೆಯೇ. ಸಂಕ್ರಾಂತಿ ರಜೆಯೂ ಹಾಗೆ. ಒಳ್ಳೆಯದೆಂದರೆ ಡಿಸೆಂಬರ್ ಮೊದಲ ಎರಡು ವಾರ, ಇಲ್ಲವೇ ಸಂಕ್ರಾಂತಿ ಕಳೆದು ಜನವರಿ ಮುಗಿಯುವ ತನಕ, ಅದೂ ವಾರದ ನಡುವೆ. ಫೆಬ್ರವರಿ ಅರ್ಧ ದಾಟಿದರೆ ಬೆಂಕಿಯ ಕಾಲ. ಆಮೇಲೆ ಬಣ್ಣಾರಿಯ ಕೊಂಡದ ಜಾತ್ರೆ, ಆ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಪಕ್ಕದ ನೀಲಗಿರಿಯಲ್ಲಿ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ, 2025ರ ಬೇಸಿಗೆಗೆ ವಾರದ ದಿನ 6,000, ವಾರಾಂತ್ಯ 8,000 ಗಾಡಿ ಅಂತ ಮಿತಿಯನ್ನೂ ಹಾಕಿದರು. ಕೈಕಟ್ಟಿ ಕೂರುವುದಕ್ಕಿಂತ ಎಷ್ಟೋ ಮೇಲು. ಆದರೆ ಅದೂ ಗಾಡಿಯ ಲೆಕ್ಕವೇ. ನನ್ನನ್ನು ಕೇಳಿದರೆ ಕಾರಪಳ್ಳಂನಲ್ಲೂ ಬಣ್ಣಾರಿಯಲ್ಲೂ ಮೋಜಿನ ಗಾಡಿಗಳನ್ನು ಸೇರಿಸಿಟ್ಟು ಅರ್ಧ ಗಂಟೆಗೊಂದು ಗುಂಪಿನಂತೆ ಬಿಡಬೇಕು. ಊರವರ ಬೈಕು, ತರಕಾರಿ ಗಾಡಿ, ಆಂಬುಲೆನ್ಸ್ ತಡೆಯದೆ ಹೋಗಲಿ. ಇದಕ್ಕೆ ಹೊಸ ಕಟ್ಟಡ, ಹೊಸ ಆಪ್ ಏನೂ ಬೇಡ, ಒಂದು ಗಡಿಯಾರ, ಒಂದು ಪುಸ್ತಕ ಸಾಕು.

ಅದು ಬರುವ ತನಕ ಆ ಕೆಲಸ ನೀವೇ ಮಾಡಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಇನ್ನೊಂದು ತಂಡ ಕಂಡರೆ ಅವರ ಲೀಡರನ್ನು ಮಾತಾಡಿಸಿ ಯಾರು ಮೊದಲು, ಯಾರು ಅರ್ಧ ಗಂಟೆ ಬಿಟ್ಟು ಅಂತ ಹಂಚಿಕೊಳ್ಳಿ. ಕಾಯುವ ತಂಡ ನನ್ನ ಅಂಗಡಿಯ ಕಡೆ ಬರಬೇಕಿಲ್ಲ, ಹಾಸನೂರಿನಲ್ಲೇ ಟೀ ಸಿಗುತ್ತದೆ. ಕ್ಲಚ್ ಕೇಬಲ್ಲು ಮತ್ತು ಒಂದು ಟ್ಯೂಬನ್ನು ಮಾತ್ರ ನಿಮ್ಮ ಮಾಡೆಲ್ಲಿನದೇ ತನ್ನಿ. ಹೊಸ ದೊಡ್ಡ ಬೈಕುಗಳ ಸಾಮಾನು ತಾಳವಾಡಿಯಲ್ಲಿ ಸಿಗುವುದಿಲ್ಲ, ಚಾಮರಾಜನಗರದಿಂದ ಬಸ್ಸಿಗೆ ಹಾಕಿಸಿ ತರಿಸುವಷ್ಟರಲ್ಲಿ ನೀವು ಕಾಡು ಮುಗಿಸಬೇಕಾದ ಸಂಜೆ ನಾಲ್ಕು ಗಂಟೆ ದಾಟಿರುತ್ತದೆ.